ನಾನು ಅಳಿಸಿದ ಸಾಲು

ನನ್ನ ಮದುವೆಯ ದಿನ ಒಂದು ತಾಟಿನ ತುಂಬ ಅಕ್ಕಿ ಹರಡಿ, ಗಂಡನ ಕೈಗೆ ಬಂಗಾರದ ಉಂಗುರ ಕೊಟ್ಟು, ಆ ಅಕ್ಕಿಯಲ್ಲಿ ನನ್ನ ಹೊಸ ಹೆಸರು ಬರೆಸಿದರು. ಅಂದಿನಿಂದ ನನಗೆ ಎರಡು ಹೆಸರು. ರೇಶನ್ ಕಾರ್ಡಿನಲ್ಲಿ ಒಂದು, ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇನ್ನೊಂದು. ಇಬ್ಬರೂ ಒಬ್ಬಳೇ ಎಂದು ಬ್ಯಾಂಕಿನಲ್ಲಿ ಸಾಬೀತು ಮಾಡಲು ಮೂರು ಸಲ ಅಲೆದಿದ್ದೇನೆ. ಜಮಖಂಡಿಯಲ್ಲಿ ನಮ್ಮಂಥ, ಮನೆಯೊಳಗೆ ಮರಾಠಿ ಅಂಗಳದಲ್ಲಿ ಕನ್ನಡ ಮಾತಾಡುವ ಮನೆಗಳಲ್ಲಿ ಇದು ಹೊಸದೇನಲ್ಲ. ಬೇರೆಯವರಲ್ಲೂ ಅಲ್ಲಲ್ಲಿ ಈ ರೂಢಿ ಇದೆ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ ತಪ್ಪು ಗೊತ್ತಿಲ್ಲದೆ ಮಾಡಿದ್ದಲ್ಲ. ಎಲ್ಲ ಗೊತ್ತಿದೆ ಎಂಬ ಸೊಕ್ಕಿನಿಂದ ಮಾಡಿದ್ದು.

ನಾನು ಕೆಲಸ ಮಾಡುವುದು ಒಂದು ಸಣ್ಣ ಆರೋಗ್ಯ ಯೋಜನೆಯಲ್ಲಿ. ಬಾಡಿಗೆ ಮನೆಯ ಮಾಳಿಗೆ, ಎರಡು ಕಂಪ್ಯೂಟರು, ಒಂದು ಹಳೆಯ ಜೀಪು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲೂಕುಗಳ ಆಶಾ ಕಾರ್ಯಕರ್ತೆಯರು ತಮ್ಮ ತಮ್ಮ ಓಣಿಯ ಗರ್ಭಿಣಿಯರ ಮಾಹಿತಿಯನ್ನು ಕಾಗದದ ಮೇಲೆ ತುಂಬಿ ಕಳಿಸುತ್ತಾರೆ. ನಾನು ಅದನ್ನು ಕಂಪ್ಯೂಟರಿಗೆ ಹಾಕುತ್ತೇನೆ, ಒಬ್ಬ ಹೆಂಗಸಿಗೆ ಒಂದು ಸಾಲು. ಮೈಯಲ್ಲಿ ರಕ್ತ ತೀರ ಕಡಿಮೆ ಇದ್ದವಳ ಸಾಲು ತಾನಾಗಿ ಕೆಂಪಾಗುತ್ತದೆ. ಪ್ರತಿ ತಿಂಗಳು ಆ ಕೆಂಪು ಸಾಲುಗಳ ಪಟ್ಟಿ ಆಶಾಗಳಿಗೆ ಹೋಗುತ್ತದೆ. ಅವರು ಆ ಹೆಂಗಸರನ್ನು ಆಸ್ಪತ್ರೆಗೆ ಕರೆದೊಯ್ದು ಇಂಜೆಕ್ಷನ್ನೋ ರಕ್ತವೋ ಕೊಡಿಸುತ್ತಾರೆ. ಪಟ್ಟಿಯಲ್ಲಿ ಇಲ್ಲದವಳನ್ನು ಯಾರೂ ಕರೆದೊಯ್ಯುವುದಿಲ್ಲ.

ಯೋಜನೆ ನಡೆಸುವ ಡಾಕ್ಟರು ನಿವೃತ್ತರಾದ ಹೆಂಗಸು. ಜೀವಮಾನವೆಲ್ಲ ಹೆರಿಗೆ ಮಾಡಿಸಿದವರು. ಅವರು ಆ ಕಾಗದಕ್ಕೆ ಎರಡನೇ ಪುಟವೊಂದನ್ನು ಸೇರಿಸಿದ್ದರು. ನೀರು ಎಲ್ಲಿಂದ ಹೊರುತ್ತೀರಿ, ಸಂಡಾಸ ಎಲ್ಲಿದೆ, ದಿನಕ್ಕೆ ಎಷ್ಟು ತಾಸು ಮಗ್ಗದ ಕೆಲಸ, ದವಾಖಾನೆಗೆ ಹೋಗಲು ಯಾರನ್ನು ಕೇಳಬೇಕು, ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ಉಣ್ಣುವವರು ಯಾರು. ಗುಳಿಗೆ ಒಯ್ದ ಹೆಂಗಸು ಮುಂದಿನ ತಿಂಗಳು ಅದೇ ಬಿಳಿಚಿದ ಮುಖ ಹೊತ್ತು ಬಂದರೆ, ಕಾರಣ ಗುಳಿಗೆಯಲ್ಲಿಲ್ಲ, ಆಕೆಯ ಮನೆಯಲ್ಲಿದೆ ಎಂದು ಅವರ ವಾದ. ನಾನು ಮೂಗು ಮುರಿದಿದ್ದೆ. ಕಡೆಗೆ ಉಣ್ಣುವವರು ಯಾರು ಎಂಬುದೂ ಕಂಪ್ಯೂಟರಿಗೆ ಹಾಕುವ ವಿಷಯವೇ? ಅದಕ್ಕೊಂದು ಕಾಲಂ ಮಾಡಿದೆ, ತುಂಬಲಿಲ್ಲ. ಎರಡನೇ ಪುಟಗಳನ್ನೆಲ್ಲ ಬೇರೆ ಮಾಡಿ, ಊರುವಾರು ಕಟ್ಟು ಕಟ್ಟಿ, ಪುರಸೊತ್ತಾದಾಗ ನೋಡಿದರಾಯಿತೆಂದು ಕಿಟಕಿಯ ಕೆಳಗೆ ಒಟ್ಟಿದೆ.

ಆಶಾಗಳೂ ಆ ಪುಟಕ್ಕೆ ಗೊಣಗಿದರು, ಬನಹಟ್ಟಿಯ ಒಬ್ಬಾಕೆ ಬಿಟ್ಟು. ಐವತ್ತು ದಾಟಿದ, ಮಾತು ಕಮ್ಮಿ, ಕಾಲು ಚುರುಕು ಇದ್ದ ಹೆಂಗಸು. ಆಕೆ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನೀರು ಕುಡಿಯುವ ನೆಪದಿಂದ ಮನೆಯೊಳಗೆ ಹೋಗಿ ಕೂಡುವಳು. ಎಲ್ಲರದೂ ಮುಗಿದು ಕಡೆಯವಳು ತಾಟು ಹಾಕಿಕೊಳ್ಳುವಾಗ ರೊಟ್ಟಿ ಬುಟ್ಟಿಯ ಮೇಲಿನ ಅರಿವೆ ಸರಿಸಿ, ಎಷ್ಟು ಉಳಿದಿವೆ ಎಂದು ಎಣಿಸಿ ಬರುವಳು. ಇದೇನು ಪದ್ಧತಿ ಎಂದು ನಾನು ಒಮ್ಮೆ ಕೇಳಿದ್ದೆ.

"ಅತ್ತಿ ಎದುರಿಗಿ ಕುಂತಾಗ ಯಾವ ಸೊಸಿ ಖರೆ ಹೇಳ್ತಾಳ್ರಿ?" ಎಂದಿದ್ದಳು. "ಬುಟ್ಟಿ ಸುಳ್ಳ ಹೇಳೂದಿಲ್ರಿ."

ನಾನು ನಕ್ಕು ಬಿಟ್ಟಿದ್ದೆ. ನನ್ನ ಜಂಬ ಬೇರೆಯದರಲ್ಲಿತ್ತು. ಒಬ್ಬಳೇ ಹೆಂಗಸು ಎರಡು ಸಾಲಾಗಿ ನುಸುಳಿದ್ದರೆ ಹಿಡಿದು ಹಾಕುವುದರಲ್ಲಿ ನನ್ನ ಸಮಾನ ಯಾರೂ ಇಲ್ಲ ಎಂದುಕೊಂಡಿದ್ದೆ. ಈ ಸೀಮೆಯಲ್ಲಿ ಒಬ್ಬಳು ಇಬ್ಬರಾಗುವುದು ಸಲೀಸು. ಒಂದು ತಪಾಸಣೆಗೆ ತವರಿನ ಹೆಸರು ಹೇಳುತ್ತಾಳೆ, ಇನ್ನೊಂದಕ್ಕೆ ಗಂಡನ ಮನೆಯದು. ಹೊರಗಿನಿಂದ ಬಂದವರಿಗೆ ಇದು ತಿಳಿಯುವುದಿಲ್ಲ, ನಾನು ಎರಡು ಹೆಸರಿನ ಹೆಂಗಸು, ನನಗೆ ತಿಳಿಯುತ್ತದೆ. ಹಾಗೆ ಒಂದು ದಿನ ಬನಹಟ್ಟಿಯ ಎರಡು ಸಾಲು ಕಣ್ಣಿಗೆ ಬಿದ್ದವು. ಮನೆಯ ಯಜಮಾನ ಒಬ್ಬನೇ, ಫೋನು ಒಂದೇ, ಎರಡರಲ್ಲೂ ತವರು ಗಲಗಲಿ. ವಯಸ್ಸಿನಲ್ಲಿ ಒಂದು ವರ್ಷದ ಅಂತರ, ದಿನ ತುಂಬುವುದರಲ್ಲಿ ಒಂದು ತಿಂಗಳ ಅಂತರ. ಈ ಎರಡನ್ನೂ ಇಲ್ಲಿ ಯಾರು ಕರಾರುವಾಕ್ಕಾಗಿ ಹೇಳುತ್ತಾರೆ? ಹೆಸರು ಮಾತ್ರ ಬೇರೆ ಬೇರೆ. ನನಗೆ ಖುಷಿಯಾಯಿತು.

ಮೊದಲ ಸಾಲು ಕೆಂಪಾಗಿತ್ತು. ಹನ್ನೊಂದಾದರೂ ಇರಬೇಕಾದ ರಕ್ತದ ಅಂಶ ಆರಕ್ಕೂ ಕೆಳಗೆ. ಆಮೇಲೆ ಬಂದ ಸಾಲಿನಲ್ಲಿ ಹತ್ತೂವರೆ. ಗುಳಿಗೆ ಮೈಗೆ ಹತ್ತಿದೆ ಎಂದುಕೊಂಡು, ನಮ್ಮ ನಿಯಮದಂತೆ ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಅಳಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ಆ ತಿಂಗಳ ಸಭೆಯಲ್ಲಿ, ಚೆನ್ನಾಗಿ ಸುಧಾರಿಸಿದವರ ಉದಾಹರಣೆಯಾಗಿ ಆಕೆಯನ್ನೇ ತೋರಿಸಿದೆ. ಡಾಕ್ಟರು ತಲೆದೂಗಿದರು.

ಇದಾದ ಮೂರು ವಾರಕ್ಕೆ, ಕಬ್ಬಿನ ಹಂಗಾಮು ಜೋರಾಗಿದ್ದ ಒಂದು ಮಧ್ಯಾಹ್ನ, ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದೆ. ನನ್ನ ಡಬ್ಬಿ ಕಟ್ಟುವವಳು ನೆಗೆಣ್ಣಿ, ಮೈದುನನ ಹೆಂಡತಿ. ನಾಲ್ಕು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೇಲೆ ಒಂದು ಚೂರು ಬೆಲ್ಲ, ಒಂದು ದಿನವೂ ತಪ್ಪಿದ್ದಿಲ್ಲ. ಎರಡನೇ ತುತ್ತಿಗೆ ಬನಹಟ್ಟಿಯ ಆ ಆಶಾಳ ಫೋನು ಬಂತು. ಕೆಂಪು ಪಟ್ಟಿಯಲ್ಲಿ ತನ್ನ ಓಣಿಯ ಒಂದು ಹುಡುಗಿಯ ಹೆಸರು ಬಿಟ್ಟುಹೋಗಿದೆ ಎಂದಳು. ಆಕೆ ಹೇಳಿದ ಹೆಸರು ಕೇಳಿದ್ದೇ ನನಗೆ ನೆನಪಾಯಿತು. ಬಾಯಲ್ಲಿ ತುತ್ತಿಟ್ಟುಕೊಂಡೇ, ಅದು ಎರಡು ಸಲ ಬರೆದ ಹೆಸರು, ತವರಿನ ಹೆಸರಿನ ಸಾಲು ಇದೆಯಲ್ಲ, ಇನ್ನು ಮೇಲಾದರೂ ನೋಡಿ ಬರೆಯಿರಿ ಎಂದು ಪಾಠ ಹೇಳಿದೆ.

ಆಚೆ ಕಡೆ ಮಗ್ಗಗಳ ಸಪ್ಪಳದ ಮೇಲೆ ಆಕೆ ದನಿ ಏರಿಸಿದಳು.

"ಒಬ್ಬಾಕಿ ಅಲ್ರಿ ಮೇಡಂ. ಅಕ್ಕ-ತಂಗಿ ಅದಾರ. ಅಣ್ಣಗ ಅಕ್ಕನ್ನ, ತಮ್ಮಗ ತಂಗೀನ ತಂದಾರ. ಇಬ್ಬರೂ ಬಸರಿದ್ದಾರ್ರಿ."

ವಯಸ್ಸಿನ ಆ ಒಂದು ವರ್ಷದ ಅಂತರ ಈಗ ಅರ್ಥವಾಯಿತು. ಹತ್ತೂವರೆ ಅಕ್ಕನದು. ನಾನು ಅಳಿಸಿದ ಕೆಂಪು ಸಾಲು ತಂಗಿಯದು. ಗುಳಿಗೆ ಯಾರ ಮೈಗೂ ಹತ್ತಿರಲಿಲ್ಲ. ಆಕೆ ಈಗೆಲ್ಲಿದ್ದಾಳೆ ಎಂದು ಕೇಳಿದೆ. ಚೊಚ್ಚಲ ಹೆರಿಗೆ, ಕುಬಸ, ಅಂದರೆ ಸೀಮಂತ, ಮುಗಿಸಿ ತವರಿಗೆ ಕಳಿಸಿದ್ದಾರೆ, ದಿನ ತುಂಬಿವೆ ಎಂದಳು.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಫೋನಿಟ್ಟ ಮೇಲೆ ನಾನು ಮೊದಲು ಮಾಡಿದ ಕೆಲಸ ಡಾಕ್ಟರಿಗೆ ಫೋನ್ ಮಾಡುವುದಾಗಿರಲಿಲ್ಲ. ಕಂಪ್ಯೂಟರಿನಲ್ಲಿ ಅಳಿಸಿದ ಸಾಲುಗಳು ಒಂದು ಬದಿಗೆ ಇರುತ್ತವೆ. ಅದನ್ನು ಮತ್ತೆ ಮೇಲೆತ್ತಿ ಅದರ ಜಾಗದಲ್ಲಿ ಇಟ್ಟರೆ, ಅಳಿಸಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಪಟ್ಟಿ ಕಳಿಸುವಾಗ ಬಿಟ್ಟುಹೋಯಿತು ಎಂದರೆ ಮುಗಿಯಿತು. ನನ್ನ ಕೆಲಸ ವರ್ಷ ವರ್ಷಕ್ಕೆ ಮುಂದುವರಿಸುವಂಥದ್ದು, ಆ ವರ್ಷ ಮುಗಿಯಲು ಎರಡು ತಿಂಗಳಿತ್ತು. ಬೆರಳು ಮೌಸಿನ ಮೇಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ದಿನ ತುಂಬಿದ ಒಂದು ಹುಡುಗಿ, ಹೆರಿಗೆಯಲ್ಲಿ ಒಂದು ಬಟ್ಟಲು ರಕ್ತ ಹೋದರೂ ತಡೆಯಲಾರದವಳು, ಎಲ್ಲೋ ಇದ್ದಾಳೆ, ನಾನಿಲ್ಲಿ ನನ್ನ ಹೆಸರು ಕಾಯುತ್ತಿದ್ದೇನೆ. ನನ್ನ ಮೇಲೆಯೇ ಅಸಹ್ಯವಾಗಿ ಫೋನ್ ಎತ್ತಿದೆ.

ಡಾಕ್ಟರು ಬಾಗಲಕೋಟೆಯಲ್ಲಿ ಒಂದು ಸಭೆಯಲ್ಲಿದ್ದರು. ನಾನು ಅಳುಕುತ್ತ ಸುತ್ತಿ ಬಳಸಿ ಹೇಳುತ್ತಿದ್ದಂತೆ ನಡುವೆಯೇ ತಡೆದರು.

"ಬೈಯೂದು ಆಮ್ಯಾಲ. ಈಗ ಆ ಹುಡುಗಿ ಎಲ್ಲಿ ಅದಾಳ, ಅದನ್ನ ಹೇಳು."

ಅದೇ ಗೊತ್ತಿರಲಿಲ್ಲ. ಗಲಗಲಿಯ ಆಶಾಗೆ ಫೋನ್ ಹಚ್ಚಿದೆ. ನಾನು ಹೇಳಿದ ಹೆಸರಿನವರು ಊರಲ್ಲಿ ಯಾರೂ ಇಲ್ಲ, ಹೆರಿಗೆಗೆ ಬಂದವರು ನಾಲ್ಕೈದು ಮಂದಿ ಇದ್ದಾರೆ, ಯಾರ ಮಗಳು ಎಂದು ಕೇಳಿದಳು. ನಮ್ಮ ಕಾಗದದಲ್ಲಿ ಇದ್ದದ್ದು ಮಾವನ ಹೆಸರು. ತಂದೆಯ ಹೆಸರಿಗೆ ಅಲ್ಲಿ ಜಾಗವೇ ಇರಲಿಲ್ಲ. ಅಳಿಸಿದ ಸಾಲಿನಲ್ಲಿ ಇದ್ದದ್ದು ಗಂಡನ ಮನೆಯವರು ಅಕ್ಕಿಯಲ್ಲಿ ಬರೆದು ಇಟ್ಟ ಹೆಸರು. ಆ ಹೆಸರು ಕೃಷ್ಣೆಯ ದಂಡೆಯ ಆ ಊರಿನಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಮಾವನ ಫೋನಿಗೆ ಮಾಡಿದರೆ ಮಗ್ಗದ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ಬನಹಟ್ಟಿಯ ಆಶಾ, ನೀವೇ ಬನ್ನಿ, ನಾನು ದಿನಾ ಹೋಗುವವಳು, ನನ್ನ ಮಾತಿಗೆ ಅಲ್ಲಿ ತೂಕ ಇಲ್ಲ, ಕಾಗದ ಹಿಡಿದು ಬಂದವರಿಗೆ ಅಂಜುತ್ತಾರೆ ಎಂದಳು. ಕಿಟಕಿಯ ಕೆಳಗಿನಿಂದ ಬನಹಟ್ಟಿಯ ಎರಡನೇ ಪುಟಗಳ ಕಟ್ಟನ್ನು ಕಿತ್ತುಕೊಂಡು ಜೀಪು ಹತ್ತಿದೆ. ಡಬ್ಬಿ ಮೇಜಿನ ಮೇಲೆಯೇ ಉಳಿಯಿತು.

ದಾರಿಯಲ್ಲಿ ಕಟ್ಟು ಬಿಚ್ಚಿದೆ. ಅಕ್ಕನ ಪುಟ ಮೊದಲು ಸಿಕ್ಕಿತು. ಕಡೆಗೆ ಉಣ್ಣುವವರು ಯಾರು ಎಂಬುದರ ಮುಂದೆ ಆಶಾ ತನ್ನ ಗುಂಡಗಿನ ಅಕ್ಷರದಲ್ಲಿ "ತಂಗಿ" ಎಂದು ಬರೆದಿದ್ದಳು. ಬರೀ ಆ ಒಂದು ಪದ. ಅದನ್ನು ನಾನು ಕಂಪ್ಯೂಟರಿಗೆ ಹಾಕಿದ್ದರೆ, ಕಡೇ ಪಕ್ಷ ಒಮ್ಮೆ ಕಣ್ಣಾಡಿಸಿದ್ದರೆ, ಎರಡು ಸಾಲು ಎರಡಾಗಿಯೇ ಇರುತ್ತಿದ್ದವು. ತಂಗಿಯ ಪುಟದಲ್ಲಿ ಬೆಳಗಿನಿಂದ ದೀಪ ಹಚ್ಚುವವರೆಗೆ ಕಂಡಿಕಿ ಸುತ್ತುವ ಕೆಲಸ, ಅಂದರೆ ಮಗ್ಗಕ್ಕೆ ಅಡ್ಡನೂಲಿನ ಸಣ್ಣ ಸುರುಳಿ ಸುತ್ತಿ ಕೊಡುವುದು. ಕಡೆಗೆ ಉಣ್ಣುವವರು: ತಾನೇ. ಬುಟ್ಟಿಯಲ್ಲಿ ಉಳಿದ ರೊಟ್ಟಿ: ಒಂದೂವರೆ. ಅದರ ಪಕ್ಕದಲ್ಲಿ, ಬರೆಯಲು ಗೆರೆಯೇ ಇಲ್ಲದ ಕಡೆ, ಆಶಾ ಒಂದು ಮಾತು ಸೇರಿಸಿದ್ದಳು: "ನನಗ ಅಷ್ಟ ಸಾಕ್ರಿ ಅಂತಾಳ." ಪುಟ ಮಡಚಿ ಕಟ್ಟಿನ ತಳಕ್ಕೆ ತುರುಕಿದೆ. ಮತ್ತೆ ತೆಗೆದು ಓದಿದೆ.

ಬನಹಟ್ಟಿಯ ಆ ಮನೆಯ ಮುಂಭಾಗವೆಲ್ಲ ಮಗ್ಗದ ಶೆಡ್ಡು. ಅದನ್ನು ದಾಟಿ ಒಳಗೆ ಹೋದರೆ ಅಡಿಗೆ ಮನೆಯ ಹೊಸ್ತಿಲಲ್ಲಿ ಅತ್ತೆ ಕೂತಿದ್ದರು. ಬಸುರಿ ಹೆಣ್ಣುಮಗಳು ತವರಿಗೆ ಹೋಗಿದ್ದಾಳೆ, ಅದರಲ್ಲಿ ನಿಮ್ಮದೇನು ಎಂಬ ಧಾಟಿ. ತಾಯಿ ಕಾರ್ಡು ಕೇಳಿದೆ, ತಪಾಸಣೆಯ ವಿವರವೆಲ್ಲ ಇರುವ ಪುಸ್ತಕ. ಅದು ಟ್ರಂಕಿನಲ್ಲಿದೆ, ಹಳ್ಳಿಗೆ ಕೊಟ್ಟು ಕಳಿಸಿದರೆ ಕಳೆದು ಹಾಕುತ್ತಾರೆಂದು ನಾನೇ ಇಟ್ಟಿದ್ದೇನೆ ಎಂದರು. ಅಂದರೆ ಆ ಹುಡುಗಿಯ ಕೈಯಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮ ಸೊಸೆಯ ಮೈಯಲ್ಲಿ ಇರಬೇಕಾದ್ದರ ಅರ್ಧ ರಕ್ತ ಇಲ್ಲ, ಹೆರಿಗೆಯಲ್ಲಿ ಜೀವಕ್ಕೆ ಕುತ್ತು ಬರಬಹುದು ಎಂದು ದನಿ ಏರಿಸಿಯೇ ಹೇಳಿದೆ. ತಪ್ಪು ನನ್ನದಿತ್ತು, ಒದರಿದ್ದು ಅವರ ಮೇಲೆ.

ಅವರು ತಿರುಗಿ ಒದರಲಿಲ್ಲ. "ನಾನೂ ಕಡೀಕ ಉಂಡ ಬಂದಾಕೀನರಿ ಯವ್ವಾ. ನಮಗ ಯಾರ ರಕ್ತ ನೋಡಿದ್ರು?" ಎಂದರು. ಅಷ್ಟು ಹೇಳಿ ಎದ್ದು ಹೋಗಿ ಟ್ರಂಕು ತೆಗೆದರು. ಕಾರ್ಡು ಹುಡುಕಿ ನನ್ನ ಕೈಗಿಟ್ಟರು.

ಅಕ್ಕ ಹಿಂದಿನ ಪಡಸಾಲೆಯಲ್ಲಿ ಕಂಡಿಕಿ ಸುತ್ತುತ್ತಿದ್ದಳು, ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು. ತವರಿನಲ್ಲಿ ತಂಗಿಯನ್ನು ಕರೆಯುವ ಹೆಸರು, ತಂದೆಯ ಹೆಸರು, ಮನೆ ಎಲ್ಲಿ ಎಂಬುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ನಾನು ಹೊರಟಾಗ ಬಾಗಿಲವರೆಗೆ ಹಿಂದೆಯೇ ಬಂದಳು. ಮಗ್ಗದ ಸಪ್ಪಳಕ್ಕೆ ಅತ್ತೆಗೆ ಕೇಳಿಸಲಾರದು ಎಂದು ಖಾತ್ರಿಯಾದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು.

"ಮೊದಲ ನಾನ ಕಡೀಕ ಉಣ್ತಿದ್ದೆರಿ. ಆಕಿ ಬಂದ ಮ್ಯಾಲ ನಾ ಕಡೀಕ ಉಳೀಲಿಲ್ಲ."

ಆ ಮುಖವನ್ನು ನೋಡಲಾಗದೆ ಜೀಪಿನ ಕಡೆ ನಡೆದೆ. ಒಂದೇ ಮನೆ, ಒಂದೇ ತವರು, ಒಂದೇ ಬುಟ್ಟಿ. ಒಬ್ಬಳಿಗೆ ಹತ್ತೂವರೆ, ಇನ್ನೊಬ್ಬಳಿಗೆ ಆರಕ್ಕೂ ಕೆಳಗೆ. ಡಾಕ್ಟರು ನಾಲ್ಕು ತಾಲೂಕು ತುಂಬ ಹುಡುಕುತ್ತಿದ್ದ ಉತ್ತರ ಆ ಎರಡು ಸಾಲುಗಳ ನಡುವೆ ಇತ್ತು. ನಾನು ಎರಡನ್ನೂ ಕೂಡಿಸಿ ಒಂದು ಮಾಡಿದ್ದೆ.

ಜೀಪಿನಿಂದಲೇ ಗಲಗಲಿಯ ಆಶಾಗೆ ತವರಿನ ಹೆಸರು ಹೇಳಿದೆ. ಆಕೆಗೆ ತಟ್ಟನೆ ಗೊತ್ತಾಯಿತು. ಹೊಳೆಯ ಕಡೆಯ ಓಣಿ, ಹೊಲ ಮಾಡಿಕೊಂಡು ನಾಲ್ಕು ಕುರಿ ಕಟ್ಟಿದ ಮನೆ. ಮೊನ್ನೆ ಕೇಳಿದಾಗ ಎಲ್ಲ ತಪಾಸಣೆ ಬನಹಟ್ಟಿಯಲ್ಲಿ ಆಗಿದೆ ಎಂದಿದ್ದರಂತೆ, ಅದಕ್ಕೇ ಆಕೆ ಬರೆದುಕೊಂಡಿರಲಿಲ್ಲ. ಈಗಲೇ ಓಡುತ್ತೇನೆ ಎಂದು ಫೋನಿಟ್ಟಳು. ಕಾರ್ಡಿನಲ್ಲಿದ್ದ ರಕ್ತದ ಗುಂಪನ್ನು ಡಾಕ್ಟರಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಎಂದರು. ಮತ್ತೊಮ್ಮೆ ಓದಿದೆ.

ಮಹಾಲಿಂಗಪುರ ದಾಟುವುದೇ ದೊಡ್ಡ ಪಾಡಾಯಿತು. ಮುಂದೆ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಬಸ್ ಸ್ಟ್ಯಾಂಡಿನ ಹತ್ತಿರ ಬೆಲ್ಲದ ಗಾಡಿಗಳು ಅಡ್ಡಡ್ಡ. ಟ್ರ್ಯಾಕ್ಟರಿನ ಹಾಡು ಕಿವಿ ಹರಿಯುವಷ್ಟು ಜೋರು. ಡ್ರೈವರ್ ಕೆಳಗಿಳಿದು ಹೋಗಿ ಒಬ್ಬೊಬ್ಬರಿಗೂ ಕೈ ಮುಗಿದು ಗಾಡಿ ಸರಿಸಲು ಹೇಳುತ್ತಿದ್ದ. ಆಗಲೇ ಗಲಗಲಿಯಿಂದ ಫೋನು ಬಂತು. ಮನೆಗೆ ಬೀಗ ಹಾಕಿದೆ, ಮುಂಜಾನೆಯಿಂದ ಹೆರಿಗೆ ಬ್ಯಾನಿ ಎದ್ದಿತ್ತಂತೆ, ಈಗ ತಾಸಿನ ಹಿಂದೆ ಹಾಲಿನ ಟೆಂಪೋದಲ್ಲಿ ಹಾಕಿಕೊಂಡು ಬೀಳಗಿಯ ಕಡೆ ಹೋಗಿದ್ದಾರೆ ಎಂದಳು.

ಹಾಲಿನ ಟೆಂಪೋ ಎಷ್ಟು ಊರಿಗೆ ನಿಲ್ಲುತ್ತದೋ. ಮುಟ್ಟಿದ ಮೇಲೆ ಅಲ್ಲಿ ಕೇಳುತ್ತಾರೆ, ಏನಾದರೂ ತೊಂದರೆ ಇತ್ತೇ ಎಂದು. ತವರಿನವರು ಇಲ್ಲ ಎನ್ನುತ್ತಾರೆ, ಅವರಿಗೆ ಗೊತ್ತಿಲ್ಲ. ಹುಡುಗಿ ಇಲ್ಲ ಎನ್ನುತ್ತಾಳೆ, ಆಕೆಗೂ ಯಾರೂ ಹೇಳಿಲ್ಲ. ಗೊತ್ತಿದ್ದದ್ದು ನಾನು ಅಳಿಸಿದ ಆ ಒಂದು ಸಾಲಿಗೆ. ಡಾಕ್ಟರಿಗೆ ಹೇಳಿದಾಗ ಅವರು ಒಂದೇ ಒಂದು ಪ್ರಶ್ನೆ ಕೇಳಿದರು, ತವರಿನ ಹೆಸರೇನು ಎಂದು. ಆ ಹೆಸರು ಹಿಡಿದು ಬೀಳಗಿಗೆ ನಾನು ಫೋನ್ ಮಾಡುತ್ತೇನೆ, ನೀನು ಕಾರ್ಡು ತೆಗೆದುಕೊಂಡು ಅಲ್ಲಿಗೇ ಹೋಗು ಎಂದರು. ಮುಧೋಳ ಯಾವಾಗ ಬಂತು, ಯಾವಾಗ ಹೋಯಿತು ನನಗೆ ನೆನಪಿಲ್ಲ. ನೆನಪಿರುವುದು ಕಾರ್ಡಿನ ಮೂಲೆಯನ್ನು ಉಗುರಿನಿಂದ ಸವೆಸುತ್ತಿದ್ದದ್ದು.

ಬೀಳಗಿಯ ಆಸ್ಪತ್ರೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಹುಡುಗಿಯನ್ನು ಒಳಗೆ ಒಯ್ದಿದ್ದರು. ಡಾಕ್ಟರ ಫೋನು ಟೆಂಪೋಗಿಂತ ಮೊದಲು ಮುಟ್ಟಿತ್ತು. ಹೆಸರು ಕೇಳಿದ್ದೇ ನರ್ಸ್ ಯಾವ ಮಾತೂ ಆಡಿಸದೆ ಕರೆದುಕೊಂಡು ಹೋದಳು ಎಂದು ಹುಡುಗಿಯ ತಾಯಿ ಆಮೇಲೆ ಹೇಳಿದರು. ಕಾರ್ಡು ಒಳಗೆ ಕೊಟ್ಟು ಹೊರಗಿನ ಬೆಂಚಿನ ಮೇಲೆ ಅವರ ಪಕ್ಕ ಕೂತೆ. ಒಳಗಿನಿಂದ ಬರುತ್ತಿದ್ದ ಕೂಗು ಒಂದು ಹಂತದಲ್ಲಿ ನಿಂತಿತು. ಮಗು ಅತ್ತಿತು, ಸಣ್ಣ ದನಿ. ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ನಿರಾಳವಾಗಲಿಲ್ಲ, ಡಾಕ್ಟರು ಹೇಳಿದ್ದು ನೆನಪಿತ್ತು, ಭಯ ಇರುವುದು ಮಗು ಬಂದ ಮೇಲೆ. ಬಾಗಿಲು ತೆರೆದು ನರ್ಸ್ ಓಡಿದಳು. ಇನ್ನೊಬ್ಬಳು ರಕ್ತ ಎಲ್ಲಿಗೆ ಬಂತು ಎಂದು ಫೋನಿನಲ್ಲಿ ಕೇಳುತ್ತಿದ್ದಳು. ನನಗೆ ದೇವರ ಮೇಲೆ ಅಂಥಾ ಭಕ್ತಿ ಏನಿಲ್ಲ, ಆದರೂ ಆ ಹೊತ್ತಿನಲ್ಲಿ ತಾಯಿಯ ಜೊತೆ ನಾನೂ ಅವರ ಮನೆದೇವರು ಬೀರೇಶ್ವರನಿಗೆ ಹರಕೆ ಹೊತ್ತೆ.

ಕಾರೊಂದು ಬಂದು ನಿಂತಿತು. ಡಾಕ್ಟರು ರಕ್ತದ ಡಬ್ಬವನ್ನು ಬಾಗಲಕೋಟೆಯಿಂದ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು. ನನ್ನ ಕಡೆ ನೋಡದೆ ಒಳಗೆ ಹೋದರು. ಅವರು ಹೊರಬರುವವರೆಗೆ ನಾನು ಎದುರಿನ ಗೋಡೆಯ ಹೆಂಚುಗಳನ್ನು ಎಣಿಸಿದೆ, ತಪ್ಪಿದಾಗ ಮೊದಲಿನಿಂದ ಎಣಿಸಿದೆ. ಬಂದವರು ತಾಯಿಯ ತಲೆಯ ಮೇಲೆ ಕೈಯಿಟ್ಟು, ಉಳಿದಳು ಎಂದರು.

ಆ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. ನೀವು ಬರದಿದ್ದರೆ ನನ್ನ ಮಗಳು ಸಿಗುತ್ತಿರಲಿಲ್ಲ ಎಂದರು. ಅದನ್ನು ಕೇಳುತ್ತ ಕೂಡಲು ನನ್ನಿಂದಾಗಲಿಲ್ಲ.

"ನಿಮ್ಮ ಮಗಳ ಹೆಸರ ಅಳಿಸಿದಾಕಿ ನಾನರಿ," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಅಳಿಸಿದ್ದಾದರೂ ಮತ್ತೆ ಬರೆದಿರಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿದರು. ಡಾಕ್ಟರು ಕಿಟಕಿಯ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡರು. ಬೈಯುವುದು ಆಮೇಲೆ ಎಂದವರು ಆಮೇಲೆ ಬೈಯಲೇ ಇಲ್ಲ, ಬೈದಿದ್ದರೆ ಹಗುರಾಗುತ್ತಿತ್ತು.

ಮಾರನೇ ದಿನ ಹುಡುಗಿ ಕಣ್ಣು ಬಿಟ್ಟು ಕೂತಿದ್ದಳು. ಮುಖದಲ್ಲಿ ಇನ್ನೂ ಸುಣ್ಣದ ಬಿಳುಪು. ಪಕ್ಕದಲ್ಲಿ ಕೈಯಗಲದ ಹೆಣ್ಣು ಕೂಸು. ನಾನು ಎರಡನೇ ಪುಟದ ವಿಷಯ ತೆಗೆದೆ. ಒಂದೂವರೆ ರೊಟ್ಟಿ ಸಾಕು ಎಂದದ್ದು ಯಾಕೆ, ಅತ್ತೆಯ ಅಂಜಿಕೆಗೋ ಎಂದು ಕೇಳಿದೆ. ಆಕೆ ತಲೆ ಅಲ್ಲಾಡಿಸಿದಳು. ಬುಟ್ಟಿಯಲ್ಲಿ ಮೂರೋ ನಾಲ್ಕೋ ಉಳಿದಾಗ ಅಕ್ಕ ಉಣ್ಣಲು ಕೂಡುತ್ತಿದ್ದಳಂತೆ. ತನಗೆ ಹಸಿವಿಲ್ಲ ಎಂದು ಇವಳೇ ಅಕ್ಕನ ತಾಟಿಗೆ ಇನ್ನೊಂದು ಹಾಕುತ್ತಿದ್ದಳಂತೆ.

"ಅಕ್ಕನ ಹೊಟ್ಟ್ಯಾಗೂ ಕೂಸ ಐತೆಲ್ರಿ," ಎಂದಳು.

ಜಮಖಂಡಿಗೆ ಮರಳಿ, ಕಿಟಕಿಯ ಕೆಳಗಿನ ಕಟ್ಟುಗಳನ್ನೆಲ್ಲ ಬಿಚ್ಚಿ, ಒಂದೂ ಬಿಡದೆ ಕಂಪ್ಯೂಟರಿಗೆ ಹಾಕಿದೆ. ಮೂರು ವಾರ ಹಿಡಿಯಿತು. ಮುಗಿಸಿದ ದಿನ ಡಾಕ್ಟರು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಕೆಂಪು ಸಾಲುಗಳನ್ನು ಒಂದೆಡೆ ತರಿಸಿ, ಅವುಗಳ ಮುಂದಿನ ಆ ಒಂದು ಕಾಲಂ ಓದಿಸಿದರು. ನಾನು ಓದಿದೆ. ತಾನೇ. ತಾನೇ. ಸಣ್ಣ ಸೊಸೆ. ತಾನೇ. ಅರ್ಧಕ್ಕೆ ನಿಲ್ಲಿಸಿ ಪರದೆಯನ್ನು ಅವರ ಕಡೆ ತಿರುಗಿಸಿದೆ, ಉಳಿದದ್ದನ್ನು ಅವರೇ ಓದಿಕೊಂಡರು. ಆ ಪಟ್ಟಿಯನ್ನು ಅವರು ಗುಳಿಗೆ ಹಂಚುವುದಕ್ಕೆ ಇಟ್ಟುಕೊಳ್ಳಲಿಲ್ಲ. ಓಣಿ ಓಣಿಯ ಅತ್ತೆಯರನ್ನು ಕೂಡಿಸಿ, ಮೊದಲು ಅವರದೇ ರಕ್ತ ನೋಡಿಸಿದರು. ಬನಹಟ್ಟಿಯ ಆ ಅತ್ತೆ ಎಲ್ಲರಿಗಿಂತ ಮುಂದೆ ಕೂತಿದ್ದರು. ತಮ್ಮ ಚೀಟಿಯಲ್ಲಿ ಏನಿದೆ ಎಂದು ನನ್ನ ಕೈಯಿಂದ ಎರಡು ಸಲ ಓದಿಸಿಕೊಂಡರು. ಆ ಮನೆಯಲ್ಲಿ ಈಗ ಮಧ್ಯಾಹ್ನ ಹೆಂಗಸರೆಲ್ಲ ಒಮ್ಮೆಗೇ ಕೂಡುತ್ತಾರೆ ಎಂದು ಆಶಾ ಹೇಳುತ್ತಾಳೆ. ಆಕೆ ಈಗಲೂ ಹೋಗಿ ಬುಟ್ಟಿ ನೋಡಿ ಬರುತ್ತಾಳೆ.

ನನ್ನ ಕೆಲಸ ಉಳಿಯಿತು. ಇದನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಇನ್ನೊಂದು ಇದೆ.

ಆ ಪುಟಗಳು ಮುಗಿದ ಮೇಲಿನ ಭಾನುವಾರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಗಂಡಸರು, ಅತ್ತೆ, ನಾನು. ನಾನು ಕೆಲಸಕ್ಕೆ ಹೋಗುವವಳೆಂದು ನನ್ನ ತಾಟು ಗಂಡಸರ ಪಂಕ್ತಿಗೇ ಬೀಳುತ್ತದೆ. ಅದು ಯಾವಾಗ ಶುರುವಾಯಿತು ಎಂದು ನಾನು ಎಂದೂ ಯೋಚಿಸಿರಲಿಲ್ಲ. ಮದುವೆಯಾದ ಹೊಸತರಲ್ಲಿ ಎಲ್ಲರ ಊಟವಾದ ಮೇಲೆ ಅಡಿಗೆ ಮನೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದವಳು ನಾನು. ನೆಗೆಣ್ಣಿ ಬಂದು ಆರು ವರ್ಷವಾಯಿತು. ಬಿಸಿ ರೊಟ್ಟಿ ತಂದು ಹಾಕುತ್ತಿದ್ದ ಆಕೆಯ ಕೈಯನ್ನು ಅಂದು ನೋಡಿದೆ. ಉಗುರುಗಳು ಬೆಳ್ಳಗಿದ್ದವು. ಬನಹಟ್ಟಿಯ ಬಾಗಿಲಲ್ಲಿ ಆ ಅಕ್ಕ ನನ್ನ ಕಿವಿಯಲ್ಲಿ ಹೇಳಿದ ಮಾತು ನನ್ನದೇ ದನಿಯಲ್ಲಿ ಒಳಗೆ ಕೇಳಿಸಿತು.

ಎಲ್ಲರೂ ಎದ್ದ ಮೇಲೆ ಅಡಿಗೆ ಮನೆಗೆ ಹೋಗಿ ರೊಟ್ಟಿಯ ಡಬ್ಬಿ ತೆಗೆದೆ. ಒಂದು ಪೂರ್ತಿ, ಒಂದು ಮುರಿದದ್ದು. ಇಷ್ಟೇನಾ ಎಂದು ಕೇಳಿದೆ. ಆಕೆ ನೆಲ ಒರೆಸುತ್ತಲೇ ಉತ್ತರ ಕೊಟ್ಟಳು.

"ನನಗ ಅಷ್ಟ ಸಾಕ್ರಿ ಅಕ್ಕಾ."

ಸೋಮವಾರ ರಜೆ ಹಾಕಿ ಆಕೆಯನ್ನು ಕರೆದುಕೊಂಡು ಹೋಗಿ ರಕ್ತ ನೋಡಿಸಿದೆ. ಚೀಟಿ ಬರೆಯುವವರು ಹೆಸರು ಕೇಳಿದಾಗ, ಆಧಾರ್ ಕಾರ್ಡಿನಲ್ಲಿ ಇದ್ದದ್ದನ್ನು ಹೇಳು ಎಂದು ಆಕೆಗೆ ಅಂದೆ. ಆಕೆ ಹೇಳಿದ ತವರಿನ ಹೆಸರನ್ನು ಆರು ವರ್ಷದಲ್ಲಿ ಅಂದೇ ಮೊದಲ ಸಲ ಕೇಳಿದೆ. ಚೀಟಿ ನನ್ನ ಕೈಗೆ ಕೊಟ್ಟರು. ದಿನವಿಡೀ ಊರವರ ಅಂಕಿಗಳನ್ನು ಬರೆಯುವವಳು ನಾನು. ಆ ಅಂಕಿಯನ್ನು ಇಲ್ಲಿ ಬರೆಯಲು ನನಗೆ ಕೈ ಬರುತ್ತಿಲ್ಲ.